ಪುಪ್ಪುಸದೊಳಗಿನ ಮೆಗಾಬ್ಲಾಕ್

"ಅಂಬರನಾಥನ ಆಣಿ, ನಾ ಹೇಳೂದ್ರಾಗ ಒಂದಕ್ಷರ ಸುಳ್ಳಿಲ್ಲ," ಎಂದು ರಾಯಪ್ಪ ಶುರು ಮಾಡಿದ.

ಡೊಂಬಿವಲಿಯ ತನ್ನ ಮನೆ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತಿದ್ದ. ಎದುರಿಗೆ ಠಾಣೆ ಶಹರದಿಂದ ಬಂದ ಮಗಳು ಸ್ನೇಹಲ್. ಅವಳ ತೋಳಲ್ಲಿ ಅವಧಿಗೆ ಮುಂಚೆಯೇ ಹುಟ್ಟಿದ, ಎರಡು ತಿಂಗಳ ಕೂಸು. ಅದರ ಪುಪ್ಪುಸ ಇನ್ನೂ ನಾಜೂಕು. ಸಿಗರೇಟು ಬಿಡುವ ತನಕ ಅಜ್ಜನ ಕೈಗೆ ಕೂಸು ಕೊಡುವುದಿಲ್ಲ ಎಂದು ಅವಳು ಆಸ್ಪತ್ರೆಯಲ್ಲೇ ಹೇಳಿದ್ದಳು. ರಾಯಪ್ಪ ಬಿಟ್ಟೆ ಅಂದಿದ್ದ. ಹಾಗೆ ನೋಡಿದರೆ ಬಿಟ್ಟೂ ಇದ್ದ. ತಾನು ಕೆಲಸ ಮಾಡುವ ಕಳಂಬೋಲಿಯ ಕಬ್ಬಿಣದ ಬಜಾರು ಬಿಟ್ಟರೆ ಬೇರೆಲ್ಲೂ ಸೇದುತ್ತಿರಲಿಲ್ಲ. ಇವತ್ತು ಬಜಾರಿಗೆ ರಜೆ ಇದ್ದದ್ದರಿಂದ ಗಚ್ಚಿಯ ಮೇಲೆ ಒಂದೇ ಒಂದು.

"ಪಪ್ಪಾ, ವಾಸನಿ ಬರಾಕತ್ತೈತಿ."

"ಬರಬೇಕವಾ, ಬರದ ಏನ್ ಮಾಡೀತು? ಕಾಲೇಜಿನ್ಯಾಗ ಬಯಾಲಜಿ ಕಲಿಸಾಕಿ ನೀನ ಹೇಳಿದಿ. ಪುಪ್ಪುಸದಾಗ ಒಂದು ಸೆಲ್ಲಿಗೂ ಬಾಜೂದಕ್ಕೂ ನಡಕ ಸಣ್ಣ ಕಿಂಡಿ ಇರತಾವು, ಅದರಾಗಿಂದ ಹಾದು ನೆಟ್ಟಗ ಸುದ್ದಿ ಮುಟ್ಟಸ್ತಾವು ಅಂತ. ಅದನ್ನ ನಾ ದಿನಾ ಲೋಕಲ್ ಟ್ರೇನಿನ್ಯಾಗ ನೋಡತೀನಿ. ಒಳಗ ಸಿಕ್ಕೊಂಡಾವ ಮುಂದಿನವನ ಹೆಗಲ ಮುಟ್ಟಿ 'ಠಾಣೆ ಇಳೀತೀರೇನ್ರಿ?' ಅಂತಾನ. ಅವ ತನ್ನ ಮುಂದಿನವನಿಗೆ ಕೇಳತಾನ. ಅನೌನ್ಸಮೆಂಟ್ ಬ್ಯಾಡ, ಏನ್ ಬ್ಯಾಡ, ಸುದ್ದಿ ಬಾಗಲಾ ಮುಟ್ಟತೈತಿ."

"ಅದಕ?"

"ನಾ ಕಡೀ ಸಿಗರೇಟು ಸೇದಿದ್ದು ಹೋದ ದೀಪಾವಳಿಗೆ. ಹೊಗಿ ಹೋಗಿ ತಳದಾಗಿನ ಒಂದು ಸೆಲ್ಲಿಗೆ ಬಡೀತು. ಅದು ಬಾಜೂದಕ್ಕ ಹೇಳ್ತು. ಕೋಟಿಗಟ್ಟಲೆ ಸೆಲ್ಲು, ಎಲ್ಲಾವೂ ಹೆಗಲ ಮುಟ್ಟಿ ಮುಟ್ಟಿ... ಆ ದೀಪಾವಳಿ ಸಿಗರೇಟು ಬಾಯಾಗ ಬಂದು ಇಳದದ್ದು ಇವತ್ತ ಮುಂಜಾನೆ."

ಸ್ನೇಹಲ್ ನಗಲಿಲ್ಲ. "ಒಂದು ಸೆಲ್ಲಿನಿಂದ ಇನ್ನೊಂದಕ್ಕ ಸುದ್ದಿ ಹೋಗಾಕ ಸೆಕೆಂಡು ಸಾಕು, ಪಪ್ಪಾ. ಅದೂ ಅವು ಹೇಳೂದು ಪೆಟ್ಟಾದ ಸುದ್ದಿ. ಸಿಗರೇಟಿನ ವಾಸನಿ ಅಲ್ಲ."

ರಾಯಪ್ಪ ಇದನ್ನು ಯೋಚಿಸಿರಲಿಲ್ಲ. ಕೂಸು ಆಕಳಿಸಿತು. ಮುಷ್ಟಿ ಬಿಚ್ಚಿ ಮತ್ತೆ ಮುಚ್ಚಿತು. ಚಾಚಿದ ಬೆರಳಿಗೂ ಆ ಮುಷ್ಟಿಗೂ ನಡುವೆ ಒಂದು ಗೇಣು.

"ಸೆಕೆಂಡು ಸಾಕು, ಖರೆ," ಅಂದ. "ಲೈನ್ ಚಾಲೂ ಇದ್ದಾಗ. ಇವತ್ತ್ಯಾವ ವಾರ? ರವಿವಾರ. ರವಿವಾರ ಸೆಂಟ್ರಲ್ ಲೈನಿನ್ಯಾಗ ಏನಿರತೈತಿ? ಮೆಗಾಬ್ಲಾಕ್, ರಿಪೇರಿಗಂತ ಹಳಿ ಬಂದ್. ಹಂಗ ನನ್ನ ಎಡಗಡೆ ಪುಪ್ಪುಸದಾಗೂ ಸ್ಲೋ ಟ್ರ್ಯಾಕ್ ಬಂದ್ ಮಾಡ್ಯಾರ. ಪೆಟ್ಟಿನ ಸುದ್ದಿ, ವಾಸನಿ, ಎಲ್ಲಾ ಒಂದ ಫಾಸ್ಟ್ ಟ್ರ್ಯಾಕಿಗೆ ತಿರುಗಿಸಿ, ಮುಂದ ದಿವಾ ಸ್ಟೇಷನ್ನಿನ್ಯಾಗ—"

ಸ್ನೇಹಲ್ ಕೂಸನ್ನು ಹೆಗಲಿಗೇರಿಸಿಕೊಂಡು ಅವನ ಚಾಚಿದ ಕೈ ದಾಟಿ ಒಳಗೆ ಹೋದಳು.