ಗಾಜಿಲ್ಲದ ಬಾಗಿಲು

ಮನೆ ನನ್ನದು, ಬಾಗಿಲು ನನ್ನದು, ಕಳ್ಳ ನುಗ್ಗಿದ್ದೂ ನನ್ನ ಮನೆಗೇ. ಆದರೆ ಹೊಸ ಬಾಗಿಲು ಹೇಗಿರಬೇಕು ಎಂದು ನನ್ನನ್ನು ಒಂದು ಮಾತು ಕೇಳಬೇಕೆಂದು ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೂ ಅನ್ನಿಸಲಿಲ್ಲ. ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ನನ್ನ ಹೆಸರು ಮ್ಯೂರಿಯಲ್. ಹುಟ್ಟಿದಾಗಿನಿಂದ ನನಗೆ ಕಿವಿ ಕೇಳುವುದಿಲ್ಲ. ಗಂಡ ಕ್ಲಿಫರ್ಡ್‌ಗೂ ಕೇಳುತ್ತಿರಲಿಲ್ಲ. ಪಾಪ, ಅವನು ಹೋಗಿಬಿಟ್ಟ. ಮಗ ನೆವಿಲ್‌ಗೆ ಮಾತ್ರ ಎರಡೂ ಕಿವಿ ಚುರುಕು. ಅವನು ಹೆಂಡತಿಯೊಂದಿಗೆ ಬೋಲ್ಟನ್ ಊರಿನ ಆ ತುದಿಯಲ್ಲಿದ್ದಾನೆ, ನಾನು ಈ ತುದಿಯಲ್ಲಿ, ಕೆಂಪು ಇಟ್ಟಿಗೆಯ ಸಾಲುಮನೆಯಲ್ಲಿ. ಬೇಕರಿಯಲ್ಲಿ ಮಾಂಸದ ಪೈಗಳನ್ನು ಡಬ್ಬಕ್ಕೆ ತುಂಬುವ ಕೆಲಸ ನನ್ನದು. ಯಾರ ಹಂಗಿನಲ್ಲೂ ಇಲ್ಲ.

ನಮ್ಮ ಹಳೆಯ ಮುಂಬಾಗಿಲಿನ ಮೇಲರ್ಧಕ್ಕೆ ಎರಡು ಗಾಜುಗಳಿದ್ದವು. ಬೀದಿಯವರದೆಲ್ಲ ಹೂಬಳ್ಳಿಯ ಮಬ್ಬುಗಾಜು. ನಮ್ಮದು ಕ್ಲಿಫರ್ಡ್ ಹಟ ಹಿಡಿದು ಹಾಕಿಸಿದ ತಿಳಿಗಾಜು. ಕಿವಿಯಿರುವವರು ಬಾಗಿಲ ಹಿಂದೆ ನಿಂತು ಯಾರು ಎಂದು ಕೂಗಿ ಕೇಳುತ್ತಾರೆ. ನಾವು ನೋಡಿ ಕೇಳಬೇಕು. ಯಾರಾದರೂ ಗಂಟೆ ಒತ್ತಿದರೆ ಹಜಾರದ ದೀಪ ಮಿನುಗುತ್ತದೆ, ನಾನು ಹೋಗುತ್ತೇನೆ, ಗಾಜಿನಾಚೆಯಿಂದ ಅವರ ಕೈಸನ್ನೆ, ಈಚೆಯಿಂದ ನನ್ನದು. ಬಾಗಿಲು ತೆಗೆಯುವ ಮೊದಲೇ ಅರ್ಧ ಮಾತು ಮುಗಿದಿರುತ್ತದೆ.

ಎರಡು ಬೀದಿ ಆಚೆಯ ನನ್ನ ಗೆಳತಿ ಈನಿಡ್‌ಗೂ ಕಿವಿಯಿಲ್ಲ. ಅವಳು ಬಂದರಂತೂ ನೋಡಬೇಕು.

"ನೆಲ ಈಗ್ತಾನೇ ಒರ್ಸಿದೀನಿ, ಅಲ್ಲೇ ನಿಂತ್ಕೊಳೇ" ಎಂದು ನಾನು ಒಳಗಿನಿಂದ ಕೈಯಾಡಿಸುತ್ತಿದ್ದೆ.

"ನಿನ್ ನೆಲಕ್ಕಿಷ್ಟು ಬೆಂಕಿ ಹಾಕ. ಇಲ್ಲಿ ನನ್ ಮೂಗು ಉದುರೋಗ್ತಿದೆ" ಎಂದು ಅವಳು ಹೊರಗಿನಿಂದ.

ಹೊರಡುವಾಗಲೂ ಅಷ್ಟೇ. ಬಾಗಿಲು ಹಾಕಿಕೊಂಡ ಮೇಲೆ ಗಾಜಿನಲ್ಲಿ ಇನ್ನೊಂದು ಕಂತು ಹರಟೆ. ನಮ್ಮವರು ಯಾರೂ ಒಂದೇ ಸಲಕ್ಕೆ ಎದ್ದು ಹೋದದ್ದಿಲ್ಲ.

ಕಳ್ಳ ಬಂದದ್ದು ನಾನು ಕೆಲಸದಲ್ಲಿದ್ದಾಗ. ಚಿಲಕದ ಪಕ್ಕದ ಗಾಜು ಒಡೆದು, ಕೈ ತೂರಿಸಿ, ಒಳಗಿನಿಂದ ಬೀಗದ ಗುಬ್ಬಿ ತಿರುಗಿಸಿ ಬಂದಿದ್ದ. ಟಿವಿ ಹೋಯಿತು, ನನ್ನ ಒಳ್ಳೆಯ ಕೋಟೂ ಹೋಯಿತು. ಸಾಲದ್ದಕ್ಕೆ ತಟ್ಟೆಯಲ್ಲಿಟ್ಟಿದ್ದ ಕೇಕನ್ನೂ ತಿಂದು ಹೋಗಿದ್ದ, ದರಿದ್ರದವನು.

ಈನಿಡ್‌ಳ ಮನೆಗೂ ಹಿಂದೊಮ್ಮೆ ಹೀಗೇ ನುಗ್ಗಿದ್ದರು. ಅವಳು ಬಂದು ಒಡೆದ ಚೂರು ಗುಡಿಸುತ್ತ, ನಡುನಡುವೆ ಪೊರಕೆ ಕೆಳಗಿಟ್ಟು ಹೇಳಿದಳು. "ಗಾಜು ತೆಗೀಬೇಡ ಕಣೇ. ಎರಡು ಗಾಜಿನ ನಡುವೆ ಹಾಳೆ ಅಂಟಿಸಿರೋದು ಸಿಗತ್ತೆ, ಸುತ್ತಿಗೆಲಿ ಹೊಡೆದ್ರೂ ಬಿರುಕು ಬಿಡತ್ತೆ, ಕೆಳಗೆ ಬೀಳಲ್ಲ. ಒಳಗಡೆಗೂ ಕೀಲಿ ಬೇಕಾಗೋ ಬೀಗ ಹಾಕ್ಸು. ಕೀಲಿ ಬೀಗದಲ್ಲೇ ಬಿಡ್ಬೇಡ. ಅವನ ಕೈಗೆ ಎಟುಕ್ಬಾರ್ದು, ಬೆಂಕಿ ಗಿಂಕಿ ಬಿದ್ರೆ ನಿನ್ ಕೈಗೆ ತಕ್ಷಣ ಸಿಗ್ಬೇಕು."

ಇದನ್ನೆಲ್ಲ ನೆವಿಲ್‌ಗೆ ಬಿಡಿಸಿ ಬಿಡಿಸಿ ಹೇಳಿದೆ. "ಸರಿ ಸರಿ" ಎಂದ. ಇಬ್ಬರೂ ಬಾಗಿಲಿನ ಅಂಗಡಿಗೆ ಹೋದೆವು. ಅಂಗಡಿಯವನು ನನ್ನ ಮುಖ ಒಂದು ಸಲ ನೋಡಿದ, ಆಮೇಲೆ ಪೂರ್ತಿ ನೆವಿಲ್‌ನ ಕಡೆಗೇ ತಿರುಗಿಕೊಂಡ. ಇಬ್ಬರ ಬಾಯಿಯೂ ಆಡಿದ್ದೇ ಆಡಿದ್ದು. ನಾನು ಮಗನ ತೋಳು ತಟ್ಟಿದೆ.

"ಏನಂತಾನೋ?"

"ಆಮೇಲೆ ಹೇಳ್ತೀನಿ."

ಈ ಎರಡು ಮಾತನ್ನು ಕಂಡರೆ ನನಗಾಗುವುದಿಲ್ಲ. ಮದುವೆ ಊಟದಲ್ಲಿ ಎಲ್ಲರೂ ನಕ್ಕಾಗ ಯಾಕೆ ಎಂದರೆ ಆಮೇಲೆ ಹೇಳ್ತೀನಿ. ಡಾಕ್ಟರು ಕ್ಲಿಫರ್ಡ್‌ನ ಎದೆ ತಟ್ಟಿ ತಟ್ಟಿ ಏನೋ ಹೇಳಿದಾಗಲೂ ಆಮೇಲೆ ಹೇಳ್ತೀನಿ. ಆ ಆಮೇಲೆ ಬರುವುದೇ ಇಲ್ಲ. ಬಂದರೂ ಅರ್ಧ ಗಂಟೆಯ ಮಾತು ಮೂರು ಸನ್ನೆಗೆ ಇಳಿದಿರುತ್ತದೆ. ಅವತ್ತೂ ಕಾರಿನಲ್ಲಿ ಕೂತ ಮೇಲೆ, "ಒಳ್ಳೇ ಬಾಗ್ಲು ಕೊಡ್ತಾನಂತೆ" ಎಂದಷ್ಟೇ ಹೇಳಿದ.

ಮುಂದಿನ ವಾರ ನಾನು ಕೆಲಸದಿಂದ ಬರುವಷ್ಟರಲ್ಲಿ ಬಾಗಿಲು ಕೂತಿತ್ತು. ನೀಲಿ ಬಣ್ಣ, ಅಡಿಯಿಂದ ಮುಡಿಯವರೆಗೆ ಗಟ್ಟಿ. ನಡುವೆ ಕಾಗದ ಹಾಕುವ ಕಂಡಿ, ಮೇಲೆ ಕಡಲೆಕಾಳಿನಷ್ಟು ಇಣುಕುವ ತೂತು. ನೆವಿಲ್ ಹುಟ್ಟುಹಬ್ಬದ ಉಡುಗೊರೆ ಕೊಡುವವನ ಹಾಗೆ ಹಲ್ಲು ಬಿಟ್ಟುಕೊಂಡು ಕೀಲಿ ನೀಡಿದ.

"ಗಾಜೆಲ್ಲೋ?" ಎಂದೆ.

"ಗಾಜಿಂದಾನೇ ಅಲ್ವೇನಮ್ಮ ಕಳ್ಳ ಬಂದಿದ್ದು? ಇನ್ಮೇಲೆ ನೆಮ್ಮದಿಯಾಗಿರು."

"ನಾನೇನ್ ಹೇಳಿದ್ದೆ, ನೀನೇನ್ ಮಾಡಿದೀಯ?"

"ಅಮ್ಮಾ, ಅಂಗಡಿಯವನಿಗೆ ಗೊತ್ತಿರಲ್ವಾ?"

ಅಂಗಡಿಯವನಿಗೆ ಏನು ಗೊತ್ತು, ಮಣ್ಣು? ಅವನು ಬಾಯಲ್ಲಿ ಮಾತಾಡುವವನು. ಗೋಡೆಯ ಹಿಂದಿನಿಂದಲೂ ಮಾತಾಡಬಲ್ಲ. ನನ್ನ ಮಾತಿಗೆ ಬೆಳಕು ಬೇಕು. ನನ್ನ ಬಾಯಿ ಹೊಲಿದು ನೆಮ್ಮದಿಯಾಗಿರು ಎಂದರೆ ಹೇಗಿರಲಿ?

ಈನಿಡ್ ಬಂದಳು, ಆ ತೂತಿನೆದುರು ಕೈಯಾಡಿಸಿದಳು. ನನಗೆ ಕಂಡದ್ದು ಚಮಚದ ಬೆನ್ನಿನಲ್ಲಿ ಕಾಣುವಂಥ ಉಬ್ಬಿದ ಮುಖ, ಅದರ ಕೆಳಗೆ ಎರಡು ಪುಟ್ಟ ಕೈ. ಒಂದಕ್ಷರ ತಿಳಿಯಲಿಲ್ಲ. ನಾನೇನಾದರೂ ಹೇಳೋಣವೆಂದರೆ ಅವಳಿಗೆ ನಾನು ಕಾಣುವುದೇ ಇಲ್ಲ. ತೆಗೆದು ಒಳಗೆ ಕರೆದೆ. ಅವಳು ಬಾಗಿಲನ್ನು ಮೇಲಿಂದ ಕೆಳಗೆ ನೋಡಿ, "ಶವದ ಪೆಟ್ಟಿಗೆ ಮುಚ್ಚಳ ನಿಲ್ಸಿದ ಹಾಗಿದೆ ಕಣೇ" ಎಂದಳು.

ಆಮೇಲೆ ಒಂದು ಬೆಳಿಗ್ಗೆ ದೀಪ ಮಿನುಗಿತು. ತೂತಿನಲ್ಲಿ ನೋಡಿದರೆ ಒಬ್ಬ ಗಂಡಸು, ನೀರಿನ ಕಂಪನಿಯವರಂಥ ಅಂಗಿ, ಕೊರಳಲ್ಲಿ ಗುರುತಿನ ಚೀಟಿ, ಬಾಯಿ ಆಡುತ್ತಿದೆ. ಗಾಜಿದ್ದಿದ್ದರೆ ಕಾಗದದಲ್ಲಿ ಬರೆದು ತೋರಿಸು ಎಂದು ಸನ್ನೆ ಮಾಡಿರುತ್ತಿದ್ದೆ, ಚೀಟಿಯನ್ನು ಗಾಜಿಗೆ ಒತ್ತಿಸಿ ಓದಿರುತ್ತಿದ್ದೆ, ನೀರಿನವರ ಕಚೇರಿಗೆ ಸಂದೇಶ ಕಳಿಸಿ ಹೌದೋ ಅಲ್ಲವೋ ವಿಚಾರಿಸಿರುತ್ತಿದ್ದೆ. ಎಷ್ಟೋ ಜನರನ್ನು ಹಾಗೆ ಮೆಟ್ಟಿಲಲ್ಲೇ ನಿಲ್ಲಿಸಿ ವಾಪಸು ಕಳಿಸಿದವಳು ನಾನು. ಈಗ ಯಾರು ನೀನು ಎಂದು ಕೇಳಬೇಕಾದರೂ ಬಾಗಿಲು ತೆಗೆಯಲೇಬೇಕು. ತೆಗೆದೆ. ತೆಗೆದದ್ದೇ ತಡ, ಅವನ ಕಾಲು ಒಳಗಿತ್ತು. ನಗುನಗುತ್ತ ನನ್ನನ್ನು ಅಡುಗೆಮನೆಗೆ ಕರೆದೊಯ್ದು ನಲ್ಲಿ ತಿರುಗಿಸಿ ತಿರುಗಿಸಿ ತೋರಿಸಿದ. ಅಷ್ಟರಲ್ಲಿ ಅವನ ಜೊತೆಗಾರ ಬಂದು ಮುಂದಿನ ಕೋಣೆಯಲ್ಲಿದ್ದದ್ದನ್ನೆಲ್ಲ ಬಳಿದುಕೊಂಡು ಹೋಗಿದ್ದ. ಹೆಜ್ಜೆ ಸಪ್ಪಳ ನನಗೆಲ್ಲಿ ಕೇಳಬೇಕು? ಕಿವುಡರ ಕ್ಲಬ್ಬಿನ ಡಾರ್ಟ್ಸ್ ಪಂದ್ಯದಲ್ಲಿ ಕ್ಲಿಫರ್ಡ್ ಗೆದ್ದ ಬೆಳ್ಳಿಯ ಬಟ್ಟಲೂ ಹೋಯಿತು. ಗಾಜು ಒಡೆದು ಬಂದ ಕಳ್ಳ ಕೂಡ ಅದನ್ನು ಮುಟ್ಟಿರಲಿಲ್ಲ.

ನೆವಿಲ್ ಓಡಿ ಬಂದ. ಅವನು ಕೇಳಿದ ಮೊದಲ ಮಾತು, "ನೀನ್ಯಾಕಮ್ಮ ಬಾಗ್ಲು ತೆಗ್ದೆ? ಯಾರು ಅಂತ ನೋಡಿ ತೆಗೀಬಾರ್ದಾ?"

ಸಿಟ್ಟಿನಲ್ಲಿ ಎದ್ದು ಹೋಗಿ ಪಾತ್ರೆ ತೊಳೆದೆ.

ಭಾನುವಾರ ಮಧ್ಯಾಹ್ನ ಅವನು ಊಟಕ್ಕೆ ಬರುವುದು ವಾಡಿಕೆ. ಬೀಫ್ ಒಲೆಯಲ್ಲಿ ಬೇಯಲು ಇಟ್ಟೆ, ಆಲೂಗಡ್ಡೆ ಹುರಿದೆ, ಗ್ರೇವಿ ಕಾಯಿಸಿದೆ. ಆಮೇಲೆ ಬಾಗಿಲಿಗೆ ಒಳಗಿನ ಅಗುಳಿ ಹಾಕಿ, ಮೊಬೈಲನ್ನು ಅಡುಗೆಮನೆಯಲ್ಲಿಟ್ಟು, ಹಜಾರದಲ್ಲಿ ಕುರ್ಚಿ ಎಳೆದುಕೊಂಡು ಕೂತೆ.

ದೀಪ ಮಿನುಗಿತು. ಕೂತೇ ಇದ್ದೆ. ಮತ್ತೆ ಮಿನುಗಿತು, ಮತ್ತೆ. ಕೀಲಿ ತಿರುಗಿತು, ಅಗುಳಿ ಬಿಡಲಿಲ್ಲ. ಬಾಗಿಲು ಗುದ್ದಿದ, ಅಂಗಾಲಿಗೆ ಗೊತ್ತಾಯಿತು. ತೂತಿನಲ್ಲಿ ಇಣುಕಿದೆ. ಮಳೆ ಶುರುವಾಗಿತ್ತು, ಅವನು ಎರಡೂ ಕೈಯಲ್ಲಿ ಏನೇನೋ ಹೇಳುತ್ತಿದ್ದ. ಏನು ಹೇಳಿದನೋ ದೇವರೇ ಬಲ್ಲ.

ಕಡೆಗೆ ಕಾಗದದ ಕಂಡಿ ತೆರೆದುಕೊಂಡಿತು. ಒಂದು ಕೈ ಒಳಗೆ ಬಂತು. ನಮ್ಮ ದೇಶದ ಕೈಸನ್ನೆಯ ಅಕ್ಷರಗಳಿಗೆ ಎರಡೂ ಕೈ ಬೇಕು. ಒಂಟಿ ಕೈ ಗಾಳಿಯಲ್ಲಿ ಸುಮ್ಮನೆ ತಡವರಿಸಿತು. ನಾನು ಮಂಡಿಯೂರಿ ಕೂತು ನನ್ನ ಅಂಗೈ ಕೊಟ್ಟೆ. ಕಡೆಗಾಲದಲ್ಲಿ ಕ್ಲಿಫರ್ಡ್‌ಗೆ ಕಣ್ಣೂ ಹೋದಾಗ ನಾನೂ ನೆವಿಲ್ಲೂ ಅವನ ಅಂಗೈ ಮುಟ್ಟಿ ಮುಟ್ಟಿ ಒಂದೊಂದೇ ಅಕ್ಷರ ಹೇಳುತ್ತಿದ್ದೆವು. ಅದು ನೆವಿಲ್‌ಗೆ ಮರೆತಿರಲಿಲ್ಲ.

"ತೆಗಿ" ಎಂದು ನನ್ನ ಅಂಗೈಯಲ್ಲಿ ಬಂತು.

ನಾನು ಅವನ ಕೈ ಮಗುಚಿ ಹಿಡಿದು ಕೇಳಿದೆ. "ಯಾರು?"

"ನಾನು."

"ನಾನು ಅಂದ್ರೆ? ನೀರಿನವನೂ ನಾನು ಅಂತ್ಲೇ ಅಂದಿರ್ತಾನೆ."

"ಅಮ್ಮ, ನೆನೀತಿದೀನಿ."

"ನೆನಿ. ಯಾರು ಅಂತ ಗೊತ್ತಿಲ್ದೆ ಬಾಗ್ಲು ತೆಗೀಬಾರ್ದು ಅಂತ ನನ್ ಮಗ ಹೇಳಿದಾನೆ."

ಮಳೆನೀರು ಅವನ ಮಣಿಕಟ್ಟಿನಿಂದ ಇಳಿದು ನನ್ನ ತೊಡೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಕಂಡಿಯ ತಗಡು ಚರ್ಮ ಕೆಂಪಾಗುವಂತೆ ಒತ್ತಿದ್ದರೂ ಅವನು ಎಳೆದುಕೊಳ್ಳಲಿಲ್ಲ. ನನ್ನ ಅಂಗಿಯ ಅಂಚಿನಿಂದ ಆ ಮಣಿಕಟ್ಟನ್ನು ಒರೆಸಿದೆ, ಸುಳ್ಳು ಹೇಳುವುದಿಲ್ಲ. ಆದರೂ ಅಗುಳಿಗೆ ಕೈ ಹಾಕಲಿಲ್ಲ.

ಆಮೇಲೆ ಬೆರಳುಗಳು ನನ್ನ ಅಂಗೈಯನ್ನು ಹುಡುಕಿಕೊಂಡು ಬಂದವು. "ಗಾಜು ಹಾಕಿಸ್ತೀನಿ."

"ನೀನ್ ಹಾಕ್ಸೋದೇನು? ನಾನ್ ಹಾಕಿಸ್ತೀನಿ. ಅಂಗಡಿಲಿ ನಾನ್ ಮಾತಾಡ್ತೀನಿ. ನೀನು ಪಕ್ಕದಲ್ ನಿಂತು, ಅವನಂದಿದ್ದು ಅಂದ ಹಾಗೆ ನನಗ್ ಹೇಳು. ಒಂದಕ್ಷರ ನುಂಗ್ಬಾರ್ದು."

"ಹೂಂ."

"ಈಗ ಹೇಳು, ಯಾರು?"

ಅವನು ಆತುರ ಮಾಡಲಿಲ್ಲ. ತಂದೆಯ ಅಂಗೈಯಲ್ಲಿ ಹೇಳುತ್ತಿದ್ದ ಹಾಗೆಯೇ, ಒಂದೊಂದು ಬೆರಳನ್ನೂ ಮೆತ್ತಗೆ ಮುಟ್ಟಿ, ತನ್ನ ಹೆಸರನ್ನು ಪೂರ್ತಿಯಾಗಿ ಹೇಳಿದ. ಯಾರೆಂದು ಗೊತ್ತಾದ ಮೇಲೆ ನಾನು ಬಾಗಿಲು ತೆಗೆದೆ.