ಬಿಟ್ಟು ಓದುತ್ತಿದ್ದ ಸಾಲುಗಳು

ಪ್ರಾಚೀನ ಮಹಾಕಾವ್ಯಗಳ ಬಗ್ಗೆ ಮಾತನಾಡುವುದು ತಿಳಿದವರ ಕೆಲಸ. ದಿನವಿಡೀ ದುಡಿದು ಸಂಜೆ ತರಗತಿಯಲ್ಲಿ ತೂಕಡಿಸುತ್ತ ಕಲಿತ ನನ್ನಂಥವರು ಅದಕ್ಕೆ ಕೈ ಹಾಕಿದ್ದು ಅಧಿಕಪ್ರಸಂಗವೆನಿಸಿದರೆ ಓದುಗರು ಮನ್ನಿಸಬೇಕು. ಕಾವ್ಯವನ್ನು ವಿವರಿಸುವ ಧೈರ್ಯ ನನಗಿಲ್ಲ. ನಾನು ದುಡಿಯುತ್ತಿದ್ದ, ಬೂಟು ಹೊಲಿಯುವ ಒಂದು ಕಾರ್ಖಾನೆಯಲ್ಲಿ ಒಂದು ಇಳಿಹೊತ್ತು ನಡೆದದ್ದನ್ನು ಮಾತ್ರ ಹೇಳುತ್ತೇನೆ.

ಆ ಕಾರ್ಖಾನೆಯಲ್ಲಿ ಒಂದು ರೂಢಿಯಿತ್ತು. ಕೈಗೆ ಪೆಟ್ಟಾದವರನ್ನು ಮನೆಗೆ ಕಳಿಸಿದರೆ ಕೂಲಿ ಹೋಗುತ್ತದೆಂದು, ಅವರನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ ಪುಸ್ತಕ ಓದಿಸುತ್ತಿದ್ದರು. ಅವರ ಪಾಲಿನ ಹೊಲಿಗೆಯನ್ನು ಉಳಿದವರು ಹಂಚಿಕೊಳ್ಳುತ್ತಿದ್ದರು. ಆ ವಾರ ಹೆಬ್ಬೆರಳಿಗೆ ದಬ್ಬಳ ಚುಚ್ಚಿಸಿಕೊಂಡು ಸ್ಟೂಲು ಹತ್ತಿದ್ದವಳು ಎಲ್ಲರೂ ಅಕ್ಕ ಎಂದು ಕರೆಯುವ ಹೆಂಗಸು. ಅವಳ ಕೈಯಲ್ಲಿದ್ದದ್ದು ಬಹಳ ಹಳೆಯ ಯುದ್ಧಕಾವ್ಯವೊಂದರ ಗದ್ಯರೂಪ. ಎದುರಿನ ಸಾಲಿನಲ್ಲೇ ಅವಳ ಸ್ವಂತ ತಮ್ಮ ಕೂತು ಹೊಲಿಯುತ್ತಿದ್ದ. ಕಾವ್ಯ ಶುರುವಾದ ಮೇಲೆ ಎಲ್ಲರೂ ತಮಾಷೆಗೆ ಅವನನ್ನು ಕಾವ್ಯದ ನಾಯಕನಂತೆ ‘ವೀರ’ ಎಂದೇ ಕರೆಯುತ್ತಿದ್ದರು.

ವೀರನ ಪಕ್ಕದ ಕೆಲಸದ ಮಣೆಯಲ್ಲಿ ಯಾರೂ ಇರಲಿಲ್ಲ. ಅದು ಅವನ ಗೆಳೆಯನದು. ರಸ್ತೆಯಾಚೆಯ ಇನ್ನೊಂದು ಬೂಟು ಕಾರ್ಖಾನೆಯವನೊಬ್ಬ ನಲ್ಲಿಯ ಬಳಿ ಜಗಳ ತೆಗೆದು ಆ ಗೆಳೆಯನ ದವಡೆ ಮುರಿದಿದ್ದ. ಮಣೆಯ ಮೇಲೆ ಹೊಲಿದು ಮುಗಿಸಿದ ಒಂದು ಬೂಟೂ ಹೊಲಿಯದೆ ಉಳಿದ ಅದರ ಜೊತೆಯದೂ ಹಾಗೆಯೇ ಇದ್ದವು.

“ಇವತ್ತು ನುಗ್ಗೋ ಭಾಗ ಅಲ್ವೇನಕ್ಕಾ?” ಮೇಸ್ತ್ರಿ ಕೇಳಿದ. “ತನ್ನ ಸಾರಥಿಗೆ ಹೊಡೆದವರನ್ನ ವೀರ ಒಬ್ಬನೇ ಹೋಗಿ ಸವರಿ ಹಾಕೋದು! ನಮ್ಮ ವೀರನೂ ಸರಿಯಾಗಿ ಕೇಳಿಸ್ಕೊಳ್ಳಲಿ.”

“ನಮ್ಮೋನಾ? ಇವನಿಗೆ ನೂಲು ತುಂಡು ಮಾಡೋದೇ ಕಷ್ಟ,” ಎಂದಿತು ಹಿಂದಿನ ದನಿಯೊಂದು. ಎಲ್ಲರೂ ನಕ್ಕರು.

ತಮ್ಮ ನಗಲಿಲ್ಲ. ಅಕ್ಕನ ಕಣ್ಣು ಗೋಡೆಯ ಹಲಗೆಯತ್ತ ಹೋಯಿತು. ಪ್ರತಿ ಕತ್ತಿಯ ಆಕಾರವನ್ನು ಅದರ ಜಾಗದಲ್ಲಿ ಬಣ್ಣದಿಂದ ಬರೆದಿಟ್ಟ ಹಲಗೆ ಅದು. ಚರ್ಮ ಕೊಯ್ಯುವ ಬಾಗಿದ ಕತ್ತಿಯ ಗುರುತು ಬರಿದಾಗಿತ್ತು. ಕತ್ತಿ ಯಾರ ಮಣೆಯ ಮೇಲೂ ಇರಲಿಲ್ಲ. ತಮ್ಮನ ಅಂಗಿ ಸೊಂಟದ ಬಳಿ ಉಬ್ಬಿತ್ತು.

ಕೆಲಸ ಬಿಡುವ ಗಂಟೆ ಹೊಡೆದ ಕೂಡಲೇ ಎರಡೂ ಕಾರ್ಖಾನೆಯವರು ಒಂದೇ ರಸ್ತೆಗೆ ಇಳಿಯುತ್ತಾರೆ.

“ಸೊಂಟದಲ್ಲಿರೋದನ್ನ ತೆಗೆದಿಡೋ,” ಎಂದಳು.

“ನನ್ನ ಗೆಳೆಯ ನೀರನ್ನೂ ಕೊಳವೆಯಲ್ಲಿ ಕುಡೀತಿದ್ದಾನಕ್ಕಾ. ದೂರು ಕೊಟ್ಟು ವಾರ ಆಯ್ತು, ಒಬ್ಬ ಬಂದು ಕೇಳಿದ್ನಾ? ನಾವು ಸುಮ್ನಿದ್ರೆ ನಾಳೆ ಇನ್ನೊಬ್ಬನಿಗೆ ಬೀಳತ್ತೆ.”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ.

“ಓದಕ್ಕಾ, ಗಂಟೆ ಹೊಡೆಯೋದ್ರೊಳಗೆ ಮುಗೀಬೇಕು,” ಮೇಸ್ತ್ರಿ ಅವಸರಿಸಿದ.

ಅವಳು ಓದಿದಳು. ರಥ ನುಗ್ಗಿತು, ಧೂಳೆದ್ದಿತು, ಮೊದಲ ಹೆಣ ಬಿತ್ತು. ಆ ಕಾವ್ಯದಲ್ಲಿ ಬಿದ್ದ ಒಬ್ಬೊಬ್ಬನ ಬಗ್ಗೆಯೂ ನಾಲ್ಕು ಮಾತಿದ್ದವು: ಅವನು ಯಾರ ಮಗ, ಏನು ಕೆಲಸ ಮಾಡುತ್ತಿದ್ದ, ಮನೆಯಲ್ಲಿ ಯಾರಿದ್ದಾರೆ. ಬೇಸರ ತರಿಸುತ್ತವೆಂದು ಅವನ್ನೆಲ್ಲ ಹಾರಿಸುವುದು ಇಲ್ಲಿ ಓದುವವರೆಲ್ಲರ ಅಭ್ಯಾಸ, ಅವಳದೂ. ಅಂದು ಅವಳು ಹಾರಿಸಲಿಲ್ಲ.

“ಬಿದ್ದವನು ಕುಂಬಾರನ ಹಿರಿಯ ಮಗ. ಅರ್ಧ ಎತ್ತಿದ ಮಡಕೆಯನ್ನು ತಿಗರಿಯ ಮೇಲೆ ಬಿಟ್ಟು ಬಂದಿದ್ದ.”

“ಅಯ್ಯೋ, ಮಡಕೆ ಯಾರಿಗೆ ಬೇಕು? ಮುಂದೆ ಹೋಗಕ್ಕಾ!”

“ಇವನು ದೋಣಿ ನಡೆಸುವವನು. ತಂದೆಗೆ ಕಣ್ಣಿರಲಿಲ್ಲ. ಮುದುಕ ಪ್ರತಿ ಹೆಜ್ಜೆ ಸಪ್ಪಳಕ್ಕೂ ಬಾಗಿಲಿಗೆ ಬರುತ್ತಿದ್ದ.”

“ಅಕ್ಕಾ, ನಿಲ್ಸು,” ತಮ್ಮ ಗದರಿದ. ಅವಳು ನಿಲ್ಲಿಸಲಿಲ್ಲ.

“ಸಾರಥಿಗೆ ಹೊಡೆದವನು ಕೊನೆಗೆ ಸಿಕ್ಕಿದ. ವೀರ ಅವನನ್ನೂ ಕೆಡವಿದ. ಅವನು ಪಾದರಕ್ಷೆ ಹೊಲಿಯುವವನು. ಒಂದು ಜೋಡಿಯಲ್ಲಿ ಒಂದನ್ನು ಮಾತ್ರ ಮುಗಿಸಿ ಯುದ್ಧಕ್ಕೆ ಬಂದಿದ್ದ. ಇನ್ನೊಂದನ್ನು ಹೊಲಿಯಲು ಆ ಊರಿನಲ್ಲಿ ಯಾರೂ ಉಳಿದಿರಲಿಲ್ಲ.”

ದಬ್ಬಳಗಳ ಸದ್ದು ನಿಂತಿತು.

“ಸಾರಥಿ ಏನಾದ?” ತಮ್ಮ ಕೇಳಿದ.

“ಅವನು ಬಿದ್ದಲ್ಲೇ ಇದ್ದಾನೆ ಕಣೋ. ಅವನ ಹತ್ತಿರ ಯಾರೂ ಹೋಗಿಲ್ಲ.”

ಗಂಟೆ ಹೊಡೆಯಿತು. ಮೇಸ್ತ್ರಿ ರೂಢಿಯಂತೆ ದೀಪ ಆರಿಸಿದರೂ ಯಾರೂ ಏಳಲಿಲ್ಲ. ಕಿಟಕಿಯಾಚೆ ಎದುರಿನ ಕಾರ್ಖಾನೆಯವರು ಮಾತಾಡುತ್ತ ರಸ್ತೆಗಿಳಿದರು. ತಮ್ಮ ಎದ್ದು ಕಿಟಕಿಗೆ ಹೋಗಿ ನಿಂತ. ಅವನ ಕೈ ಸೊಂಟದ ಮೇಲಿತ್ತು. ಹೊರಗಿನ ದನಿಗಳು ದೂರ ಸರಿದವು.

ಅವನು ತಿರುಗಿ ಬಂದು ಕತ್ತಿಯನ್ನು ಹಲಗೆಯಲ್ಲಿ ಅದರ ಗುರುತಿನ ಮೇಲೆ ತೂಗುಹಾಕಿದ. ಆಮೇಲೆ ಗೆಳೆಯನ ಮಣೆಯಿಂದ ಹೊಲಿಯದ ಬೂಟನ್ನು ಎತ್ತಿಕೊಂಡು ನೂಲಿಗೆ ಮೇಣ ಸವರತೊಡಗಿದ.

“ಕೈಗೆ ಪೆಟ್ಟಾದವರ ಪಾಲನ್ನ ಮಾತ್ರ ಹಂಚಿಕೊಳ್ಳೋದೇನ್ ಮೇಸ್ತ್ರಿ? ದವಡೆ ಮುರಿದವರದು ಬೇಡ್ವಾ?” ಎಂದ.

ಮೇಸ್ತ್ರಿ ಆರಿಸಿದ್ದ ದೀಪವನ್ನು ಮತ್ತೆ ಹಾಕಿದ.

ಆ ಪಾದರಕ್ಷೆ ಹೊಲಿಯುವವನ ಸಾಲು ನಿಜಕ್ಕೂ ಪುಸ್ತಕದಲ್ಲಿತ್ತೇ, ಅಥವಾ ಎದುರಿನ ಮಣೆ ಕಂಡು ಅಕ್ಕನೇ ಕಟ್ಟಿ ಹೇಳಿದಳೇ, ನನಗೆ ಗೊತ್ತಿಲ್ಲ. ಅವಳನ್ನು ಕೇಳಿದ್ದೆ. ಅವಳು ಪುಸ್ತಕ ಮುಚ್ಚಿಟ್ಟಳು.