ಹಳ್ಳದ ಸೇತುವೆಯ ದುಡ್ಡು

ರುದ್ರಪ್ಪ ಮೈಕಿನ ಮುಂದೆ ನಿಂತು ಇಂಗ್ಲಿಷಿನಲ್ಲಿ ಎರಡು ಮಾತು ಆಡಿದರು, ತಡವರಿಸಿದರು. ಆಮೇಲೆ ಕನ್ನಡಕ್ಕೆ ಇಳಿದರು. ಎತ್ತರದ ಮೇಜಿನ ಹಿಂದೆ ಕೂತಿದ್ದ ಕೌನ್ಸಿಲರುಗಳು ಮುಖ ಮುಖ ನೋಡಿಕೊಂಡರು. ಮೇಯರ್ ಅಧಿಕಾರಿಗಳ ಸಾಲಿನತ್ತ ತಿರುಗಿ, "ಇವರ ಭಾಷೆ ನಿಮ್ಮಲ್ಲಿ ಯಾರಿಗಾದರೂ ಬರುತ್ತದೆಯೇ?" ಎಂದು ಕೇಳಿದಳು.

ಆ ಸಾಲಿನಲ್ಲಿ ಕನ್ನಡ ಬಲ್ಲವಳು ಪ್ರಾರ್ಥನಾ ಒಬ್ಬಳೇ. ಅಂದು ಚರ್ಚೆಗೆ ಬಂದಿದ್ದ ವರದಿಯನ್ನು ಬರೆದವಳೂ ಅವಳೇ. ಎದ್ದು ನಿಂತು, "ನನಗೆ ಬರುತ್ತೆ," ಎಂದಳು.

ಸಿಡ್ನಿಯ ಅಂಚಿನ ಆ ಕೌನ್ಸಿಲಿನಲ್ಲಿ ಬಿಲ್ಡರುಗಳು ಕಟ್ಟುವ ಹಣ ನೋಡಿಕೊಳ್ಳುವುದು ಅವಳ ಕೆಲಸ. ಕುದುರೆ ಮೇಯುವ ಬಯಲನ್ನು ಸೈಟು ಮಾಡಲು ಅನುಮತಿ ಕೇಳುವಾಗ ಬಿಲ್ಡರ್ ಕೌನ್ಸಿಲಿನೊಂದಿಗೆ ಒಪ್ಪಂದ ಮಾಡಿಕೊಳ್ಳುತ್ತಾನೆ. ಬರುವ ಜನರಿಗಾಗಿ ಪಾರ್ಕಿಗೋ ರಸ್ತೆಗೋ ಇಷ್ಟು ಕೊಡುತ್ತೇನೆ ಎಂದು ಬರೆದುಕೊಡುತ್ತಾನೆ. ರುದ್ರಪ್ಪನವರ ಬಡಾವಣೆಯ ಒಪ್ಪಂದದಲ್ಲಿ ಹಳ್ಳ ದಾಟಲು ಒಂದು ಕಾಲುಸೇತುವೆ ಇತ್ತು. ಬಿಲ್ಡರ್ ಹಣ ಕಟ್ಟಿದ. ಮನೆಗಳು ಎದ್ದವು, ಜನ ಬಂದರು, ಹಣ ಮಾತ್ರ ಕೌನ್ಸಿಲಿನ ಖಾತೆಯಲ್ಲಿ ಕೂತಿತು. ಅಷ್ಟರಲ್ಲಿ ಹಳ್ಳದ ಪ್ರವಾಹದ ಲೆಕ್ಕಾಚಾರ ಬದಲಾಗಿ ಸೇತುವೆಯನ್ನು ಇನ್ನೂ ಎತ್ತರಕ್ಕೆ ಕಟ್ಟಬೇಕೆಂದಾಯಿತು, ಉಕ್ಕಿನ ಬೆಲೆ ಏರಿತು, ಇದ್ದದ್ದು ಸಾಕಾಗದೆ ಹೋಯಿತು. ಹೀಗೆ ಕೊಳೆಯುವುದಕ್ಕಿಂತ ಆ ಹಣವನ್ನು ಹೊಸ ಈಜುಕೊಳಕ್ಕೆ ಸೇರಿಸುವುದು ಮೇಲು ಎಂದು ಪ್ರಾರ್ಥನಾ ಬರೆದಿದ್ದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ರುದ್ರಪ್ಪ ರಾಣೆಬೆನ್ನೂರಿನ ಅರಿವೆ ಅಂಗಡಿ ಮುಚ್ಚಿ, ಹೆಂಡತಿ ಚಿನ್ನಮ್ಮನ ಜೊತೆ ಇಲ್ಲಿ ಮಗಳ ಮನೆಗೆ ಬಂದು ನೆಲೆಸಿದವರು. ಎರಡು ವರ್ಷದ ಹಿಂದೆ ಕನ್ನಡ ಸಂಘದ ಯುಗಾದಿ ಊಟಕ್ಕೆ ಚಿನ್ನಮ್ಮ ಪ್ರಾರ್ಥನಾಳ ಪಕ್ಕದಲ್ಲೇ ಕೂತಿದ್ದರು. "ಹಳ್ಳದ ಆಚಿ ನಮ್ಮ ಕಡಿ ಹೆಣ್ಮಗಳೊಬ್ಬಾಕಿ ಅದಾಳ. ಮನಿ ಕಣ್ಣಿಗಿ ಕಾಣ್ತೈತಿ, ಹೋಗಾಕ ದಾರಿ ಇಲ್ಲ ನೋಡವಾ," ಎಂದಿದ್ದರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಪ್ರಾರ್ಥನಾ, "ಬಿಲ್ಡರ್ ಆಗಲೇ ದುಡ್ಡು ಕಟ್ಟಿದಾನೆ ಆಂಟಿ. ಸೇತುವೆ ಬಂದೇ ಬರುತ್ತೆ. ಇನ್ನೊಂದು ವರ್ಷ ಅಷ್ಟೆ," ಎಂದಿದ್ದಳು. ಚಿನ್ನಮ್ಮ ಆ ಸುದ್ದಿಯನ್ನು ಊರಿಗೂ ಫೋನ್ ಮಾಡಿ ಹೇಳಿದ್ದರಂತೆ.

ಕಳೆದ ಚಳಿಗಾಲದಲ್ಲಿ ಚಿನ್ನಮ್ಮ ಆ ಗೆಳತಿಯ ಮನೆಯಲ್ಲಿ ರೊಟ್ಟಿ ಬಡಿದು, ವಾಹನಗಳು ಓಡಾಡುವ ಹಳೆಯ ಸೇತುವೆಯ ಮೇಲೆ ವಾಪಸು ಬರುತ್ತಿದ್ದರು. ಅಲ್ಲಿ ಫುಟ್‌ಪಾತ್ ಇಲ್ಲ. ಪಕ್ಕದಲ್ಲಿ ಹಾದುಹೋದ ಯೂಟ್ ಎಂಬ ಸಣ್ಣ ಸರಕು ಗಾಡಿಯೊಂದರ ಕನ್ನಡಿ ಭುಜಕ್ಕೆ ಬಡಿದು ಬಿದ್ದರು. ಆಸ್ಪತ್ರೆಯಿಂದ ಮನೆಗೆ ಮರಳಲಿಲ್ಲ. ಅಂತ್ಯಕ್ರಿಯೆಗೆ ಹೋಗಿದ್ದ ಪ್ರಾರ್ಥನಾ ಹಿಂದಿನ ಸಾಲಿನಲ್ಲಿ ನಿಂತು, ಯಾರನ್ನೂ ಮಾತಾಡಿಸದೆ ಬಂದುಬಿಟ್ಟಿದ್ದಳು.

"ನಾ ಯಾರ ಮ್ಯಾಲೂ ಸಿಟ್ಟಾಗಾಕ ಬಂದಿಲ್ರಿ," ಎಂದರು ರುದ್ರಪ್ಪ. ಪ್ರಾರ್ಥನಾ ಅದನ್ನು ಸಭೆಗೆ ಇಂಗ್ಲಿಷಿನಲ್ಲಿ ಹೇಳಿದಳು.

"ಈಜಾಡೋ ಕೊಳ ಬ್ಯಾಡ ಅಂತ ಅನ್ನಂಗಿಲ್ಲ. ಹುಡುಗ್ರು ಈಜಲಿ. ಆದ್ರ ಸೇತುವಿ ಆಕ್ಕೈತಿ ಅಂತ ತೋರ್ಸಿ ನಮಗ ಮನಿ ಮಾರ್ಯಾರ. ನಮ್ಮ ಅಳಿಯ ಇವತ್ತಿಗೂ ಮಾರ್ಟ್‌ಗೇಜ್ ಕಟ್ಟಾಕತ್ತಾನ." ಅದನ್ನೂ ಹೇಳಿದಳು.

"ನನ್ನ ಹೇಣ್ತಿ ಹೋದ್ಲು. ಸೇತುವಿ ಕಟ್ಟಿದ್ರ ಆಕಿ ತಿರುಗಿ ಬರಂಗಿಲ್ಲ, ನನಗ ಗೊತ್ತೈತಿ. ಆದ್ರ ಆ ರಸ್ತಿ ಅಂಚಿನ್ಯಾಗ ಹೆಣ್ಮಕ್ಕಳು ಕೂಸಿನ ಗಾಡಿ ತಳ್ಕೊಂಡು ದಿನಾ ಹೊಕ್ಕಾರ." ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ಪ್ರಾರ್ಥನಾಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಆಗ ರುದ್ರಪ್ಪ ಮೇಯರನ್ನು ಬಿಟ್ಟು ಅವಳ ಕಡೆ ತಿರುಗಿದರು. "ಸೇತುವಿ ಬಂದ ಬರ್ತೈತಿ ಅಂತ ಈ ತಂಗೀನ ನಮಗ ಹೇಳಿದ್ಲು. ಸುಳ್ಳು ಹೇಳೋ ಹುಡುಗಿ ಅಲ್ಲ ಇಕಿ. ಅದಕ್ಕ ಕೇಳ್ತೀನಿ, ನಡುವ ಏನಾತು?"

ಸಭೆ ಕಾಯುತ್ತಿತ್ತು. ಅವಳ ಮ್ಯಾನೇಜರ್ ತಲೆಯೆತ್ತಿ ನೋಡಿದ.

"ಕೆಲಸ ಯಾಕೆ ತಡವಾಯಿತು ಎಂದು ಅವರು ಕೌನ್ಸಿಲನ್ನು ಕೇಳುತ್ತಿದ್ದಾರೆ," ಎಂದಳು ಪ್ರಾರ್ಥನಾ, ಇಂಗ್ಲಿಷಿನಲ್ಲಿ.

ಮೇಯರ್ ಸಂತಾಪ ಹೇಳಿದಳು. ಅದು ಬಾಯಿಮಾತಿನ ಸಂತಾಪದಂತೆ ಕೇಳಲಿಲ್ಲ. ಆದರೂ ಮತಕ್ಕೆ ಹಾಕಿದಾಗ ಕೈಗಳು ಎದ್ದವು, ಕಿಟಕಿ ಪಕ್ಕದ ಮುದುಕ ಕೌನ್ಸಿಲರೊಬ್ಬನ ಕೈ ಬಿಟ್ಟು. ಹಣ ಈಜುಕೊಳಕ್ಕೆ ಹೋಯಿತು. ಮುಂದಿನ ವಿಷಯ ಲೈಬ್ರರಿಯ ಪಾರ್ಕಿಂಗಿನದು.

ಸಭೆ ಮುಗಿಯುವ ತನಕ ಕಾಯದೆ ಪ್ರಾರ್ಥನಾ ಹೊರಗೆ ಬಂದಳು. ರುದ್ರಪ್ಪ ಬಾಗಿಲ ಬಳಿ ನಿಂತು ಮಫ್ಲರ್ ಸುತ್ತಿಕೊಳ್ಳುತ್ತಿದ್ದರು. ಚಳಿಗಾಲದ ಕತ್ತಲು ಬೇಗನೆ ಇಳಿದಿತ್ತು.

"ಬನ್ನಿ ಅಂಕಲ್, ಮನೆಗೆ ಡ್ರಾಪ್ ಮಾಡ್ತೀನಿ."

"ಬ್ಯಾಡವಾ. ದೂರೇನಿಲ್ಲ, ನಡೀತೀನಿ." ಮಫ್ಲರಿನ ತುದಿಯನ್ನು ಕೋಟಿನೊಳಗೆ ಸೇರಿಸಿಕೊಂಡು, "ನನಗ ಇಂಗ್ಲಿಷ್ ಮಾತಾಡಾಕ ಬರಂಗಿಲ್ಲ ತಂಗಿ. ತಿಳಿತೈತಿ," ಎಂದರು.

ಅವಳು ಚೀಲದಲ್ಲಿ ಕಾರಿನ ಕೀಲಿ ಹುಡುಕತೊಡಗಿದಳು.

"ಕಡೀ ಮಾತು ನೀ ಹೇಳಲಿಲ್ಲ."

"ಅಂಕಲ್, ಅಲ್ಲಿ ನಾನು..."

"ಇರ್ಲಿ ಬಿಡು. ನಿನಗೂ ಒಂದು ನೌಕರಿ ಐತಿ, ಮನಿ ಐತಿ," ಎಂದರು ರುದ್ರಪ್ಪ. ಆ ಮಾತಿನಲ್ಲಿ ಕೊಂಕಿರಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಮೆಟ್ಟಿಲಿಳಿದು ಹೊರಟುಹೋದರು.

ಪ್ರಾರ್ಥನಾ ಕಾರು ತೆಗೆದು ಮುಖ್ಯರಸ್ತೆಗೆ ಬಂದಳು. ಆಮೇಲೆ ತನ್ನ ಮನೆಯ ದಾರಿ ಬಿಟ್ಟು, ಹಳೆಯ ಸೇತುವೆ ದಾಟಿ ರುದ್ರಪ್ಪನವರ ಬಡಾವಣೆಗೆ ಹೋಗುವ ರಸ್ತೆಗೆ ಎಡಕ್ಕೆ ತಿರುಗಿಸಿದಳು. ಅಂಗಡಿ ಸಾಲು ಮುಗಿದು ಫುಟ್‌ಪಾತ್ ನಿಂತಲ್ಲಿ ಅವರು ಸಿಕ್ಕರು. ಟಾರಿನ ಅಂಚು ಹಿಡಿದು ತಲೆ ತಗ್ಗಿಸಿ ನಡೆಯುತ್ತಿದ್ದರು. ಅವಳು ಹಾರ್ನ್ ಮಾಡಲಿಲ್ಲ, ಕರೆಯಲೂ ಇಲ್ಲ. ಮಿನುಗುವ ದೀಪ ಹಾಕಿ, ಅವರ ಹೆಜ್ಜೆಗೆ ತಕ್ಕಂತೆ ನಿಧಾನವಾಗಿ ಹಿಂದೆ ಹೋದಳು.

ಹಿಂದೆ ಕಾರುಗಳು ಸಾಲುಗಟ್ಟಿ ಹಾರ್ನ್ ಹೊಡೆದವು. ಒಬ್ಬ ಕಿಟಕಿ ಇಳಿಸಿ ಏನೋ ಬೈದು ಮುಂದೆ ಹಾದ. ರುದ್ರಪ್ಪ ತಿರುಗಿ ನೋಡಲಿಲ್ಲ. ಅವಳ ಕಾರಿನ ಬೆಳಕಿನಲ್ಲಿ ಅವರ ನೆರಳು ಉದ್ದಕ್ಕೆ ಮುಂದೆ ಚಾಚಿ, ಹಳೆಯ ಸೇತುವೆಯ ಕಂಬಿಗಳ ಮೇಲೆ ಒಂದೊಂದಾಗಿ ಹಾಯುತ್ತಿತ್ತು.